ವುಥಿಯ ರಕ್ತದಲ್ಲಿ ಕಂಡದ್ದು

ಪೈಲಿನ್ ಊರಿನ ಆಸ್ಪತ್ರೆ

ಅಕ್ಕಾ,
ಮರ ಕಡಿಯುವ ವುಥಿಗೆ ಮಲೇರಿಯಾ ಬಂದಿತ್ತು. ನಮ್ಮಲ್ಲಿರುವ ಅತಿ ಒಳ್ಳೆಯ ಗುಳಿಗೆಯನ್ನು ಮೂರು ದಿನವೂ ನಾನೇ ಎದುರು ನಿಂತು ನುಂಗಿಸಿದ್ದೆ. ಇವತ್ತು ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣುಗಳು ಹಾಗೆಯೇ ತುಂಬಿಕೊಂಡಿವೆ! ಡಾಕ್ಟರ್ ಸಾವೊನ್ ಮತ್ತೆ ಮತ್ತೆ ನೋಡಿ ಕುರ್ಚಿಯಲ್ಲಿ ಕುಸಿದು ಕೂತರು.

“ಸಿಸ್ಟರ್, ನಾನು ಸರಿಯಾಗಿ ನುಂಗ್ಲಿಲ್ವಾ?” ಎಂದು ವುಥಿ ಕೇಳಿದ.

“ನಿಂದೇನೂ ತಪ್ಪಿಲ್ಲ ಕಣೋ, ಔಷಧಿ ಕೈಲೇ ಆಗ್ತಿಲ್ಲ,” ಎಂದರು ಡಾಕ್ಟರ್.

ಅವನ ಒಪ್ಪಿಗೆ ಪಡೆದು, ಇನ್ನೂ ಪರೀಕ್ಷೆಯಲ್ಲಿರುವ ಹೊಸ ಔಷಧಿ ಕೊಟ್ಟೆವು. ಈಗ ಜ್ವರ ಕೊಂಚ ಇಳಿದು ಗಂಜಿ ಕುಡಿದಿದ್ದಾನೆ.

ನಾನು ಆರೋಗ್ಯವಾಗಿದ್ದೇನೆ. ಭಾವನಿಗೆ ಮೈ ಬಿಸಿಯಾದರೆ ಸಂತೆಯ ಗುಳಿಗೆ ನಂಬಬೇಡ, ರಕ್ತ ಪರೀಕ್ಷೆ ಮಾಡಿಸು. ವುಥಿಯ ಜೊತೆಗಾರರೆಲ್ಲ ಇನ್ನೂ ಕಾಡಿನಲ್ಲೇ ಇದ್ದಾರೆ. ಅವರ ರಕ್ತದಲ್ಲೂ ಔಷಧಿಗೆ ಬಗ್ಗದ ಇದೇ ರೋಗಾಣು ಇರಬಹುದೆಂದು ಅವರನ್ನು ಹುಡುಕಲು ಹೊರಟಿದ್ದೇವೆ, ಡಾಕ್ಟರ್ ಬೈಕ್ ಮೇಲೆ ಕೂತು ನನ್ನನ್ನು ಕೂಗುತ್ತಿದ್ದಾರೆ.

ನಿನ್ನ ಚಾಂಥು