ನನ್ನ ಎಡಗಣ್ಣಿನ ರೈಫಲ್ ನಿಮ್ಮ ಕಪಾಟಿನಲ್ಲಿದೆ

ಶೂಟಿಂಗ್ ತರಬೇತಿ ಕೇಂದ್ರದ ಮಾನ್ಯ ಅಧಿಕಾರಿಗಳೇ,

ನನಗೆ ನನ್ನ ಗಂಡನ ಮೇಲೆ ಹೊಟ್ಟೆಕಿಚ್ಚು. ಮದುವೆಯಾದ ಹೊಸತರಲ್ಲಿ ಹೆಂಡತಿಯೊಬ್ಬಳು ಕಾರವಾರ ಅಂಕೋಲೆಗೆಲ್ಲ ಕೇಳುವಂತೆ ಹೇಳಬಾರದ ಮಾತು ಇದು, ಗೊತ್ತು. ಆದರೆ ಈ ಕಿಚ್ಚು ಹಚ್ಚಿದವರು ನೀವು. ಆದ್ದರಿಂದ ನಿಮಗೇ, ಎಲ್ಲರೆದುರಿಗೇ ಬರೆಯುತ್ತಿದ್ದೇನೆ. ನನ್ನ ಸ್ವಂತದ ಮೊದಲ ರೈಫಲ್ ಆರಿಸಿಕೊಳ್ಳಲು ನನಗೆ ಸಿಕ್ಕಿದ್ದ ಸರದಿಯನ್ನು ನೀವು ಕಿತ್ತು ನನ್ನ ಗಂಡನಿಗೆ ಕೊಟ್ಟಿರಿ. ನನ್ನ ಮೈಗೆ ಒಗ್ಗಿದ ಒಂದೇ ಒಂದು ರೈಫಲ್ಲನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದಿರಿ. ನಾನು ಮಾಡದ ತಪ್ಪನ್ನು ನನ್ನ ಹೆಸರಿಗೆ ಬರೆದು ಸೂಚನಾ ಫಲಕಕ್ಕೆ ಅಂಟಿಸಿದಿರಿ. ಇದಿಷ್ಟೂ ಸಾಲದೆಂಬಂತೆ, ಗಂಡ ಗುರಿ ಹೊಡೆಯುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಲು ನನಗೆ ದಯಪೂರ್ವಕ ಅನುಮತಿಯನ್ನೂ ನೀಡಿದಿರಿ. ಇಂಥ ಔದಾರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಓದುವ ಜನರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ನಾನು ಅಂಕೋಲೆಯ ಹುಡುಗಿ. ಕಾರವಾರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಈ ಬೇಸಿಗೆಗೆ ಮುಂಚೆ ಸದಾಶಿವಗಡದ ಮೀನುಗಾರರ ಮನೆಗೆ ಸೊಸೆಯಾಗಿ ಬಂದೆ. ಗಂಡ ನಿತಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಅವನ ನಗುವಿನ ಬಗ್ಗೆ ಬರೆಯಲು ಕೂತರೆ ಈ ಪತ್ರ ಮುಗಿಯುವುದಿಲ್ಲ, ಆದ್ದರಿಂದ ಬಿಡುತ್ತೇನೆ. ಮದುವೆಯಾದ ವಾರ ಇಬ್ಬರೂ ಕಾರವಾರದ ಕಡಲತೀರದಲ್ಲಿ ಅಡ್ಡಾಡುತ್ತಿದ್ದಾಗ ಬಲೂನು ಹೊಡೆಯುವ ಅಂಗಡಿ ಕಂಡಿತು. ನಳಿಗೆಯನ್ನು ಮಡಚಿ ಸ್ಪ್ರಿಂಗ್ ಬಿಗಿಯುವ ಹಳೇ ಏರ್ ರೈಫಲ್. ನಿತಿನ ಗಂಭೀರವಾಗಿ ಗುರಿಯಿಟ್ಟು ಹೊಡೆದ. ಬಲೂನುಗಳು ಗಾಳಿಗೆ ಆಡುತ್ತಲೇ ಇದ್ದವು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊಡೆದೆ. ಅಂಗಡಿಯವನು ಹೊಸ ಬಲೂನು ಊದಬೇಕಾಯಿತು. ನನ್ನ ಗಂಡ ಅಲ್ಲಿದ್ದವರಿಗೆಲ್ಲ “ನನ್ನ ಹೆಂಡ್ತಿ, ನನ್ನ ಹೆಂಡ್ತಿ” ಎಂದು ಹೇಳಿಕೊಂಡು ಓಡಾಡಿದ. ಮುಂದಿನ ವಾರವೇ ನಾವಿಬ್ಬರೂ ನಿಮ್ಮ ಕೇಂದ್ರದಲ್ಲಿ ಹೆಸರು ಹಚ್ಚಿದೆವು. ಬೇರೆ ಜೋಡಿಗಳು ಗೋವೆಗೆ ಹೋಗುತ್ತವೆ. ನಾವು ನಿಮ್ಮ ಬಳಿ ಬಂದೆವು. ಅದಕ್ಕೆ ತಕ್ಕ ಮರ್ಯಾದೆ ಸಿಕ್ಕಿತು.

ನಿಮ್ಮ ಕೇಂದ್ರದ ನಿಯಮ ಒಳ್ಳೆಯದೇ ಎಂದು ಮೊದಲು ಒಪ್ಪಿಕೊಳ್ಳುತ್ತೇನೆ. ಸ್ವಂತದ ಪಿಸಿಪಿ ರೈಫಲ್ ಕೊಳ್ಳುವ ಮುಂಚೆ ಸದಸ್ಯರು ಕೇಂದ್ರದ ಮೂರು ರೈಫಲ್ಲುಗಳನ್ನು ಹೊಡೆದು ನೋಡಬೇಕು. ಹಾಗೆ ನೋಡದವರ ರೈಫಲ್ಲನ್ನು ಗುರಿ ಹೊಡೆಯುವ ಅಂಕಣದೊಳಗೆ ಬಿಡುವುದಿಲ್ಲ. ಸರಿಯಾದ ಮಾತು. ಪಿಸಿಪಿ ಎಂದರೆ ಬಲೂನು ಅಂಗಡಿಯ ಸ್ಪ್ರಿಂಗ್ ಸಾಮಾನಲ್ಲ. ಗಾಳಿಯನ್ನು ಮೊದಲೇ ಒತ್ತಿ ಒತ್ತಿ ಅದರ ಸಿಲಿಂಡರಿನಲ್ಲಿ ತುಂಬಿಟ್ಟಿರುತ್ತಾರೆ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಅದರಲ್ಲಿ ಒಂದು ಚಿಟಿಕೆಯಷ್ಟು ಗಾಳಿ ಪೆಲೆಟ್ಟನ್ನು ದೂಡುತ್ತದೆ. ಹೆಗಲಿಗೆ ಒದೆತವಿಲ್ಲ, ಮೈಗೆ ಕುಲುಕಾಟವಿಲ್ಲ. ಹಾಗಾಗಿ ತಪ್ಪಿದರೆ ಅದು ನಮ್ಮದೇ ತಪ್ಪು. ಭಾರ ಎಷ್ಟು, ಹಿಡಿ ಎಷ್ಟು ಉದ್ದ, ಕೆನ್ನೆ ಎಲ್ಲಿ ಕೂರುತ್ತದೆ, ಸಿಲಿಂಡರ್ ಬಿಚ್ಚಲು ಬರುತ್ತದೆಯೇ, ಗಾಳಿಯನ್ನು ಕೈಪಂಪಿನಲ್ಲಿ ತುಂಬುವುದೋ ಮುಳುಗುಗಾರರ ದೊಡ್ಡ ಸಿಲಿಂಡರಿನಿಂದಲೋ, ಇವೆಲ್ಲ ನೋಡಬೇಕು. ನಿತಿನನೂ ನಾನೂ ಊಟಕ್ಕೆ ಕೂತರೆ ಇದೇ ಮಾತು. ಅತ್ತೆ ಮಂಗಲಾ ಒಮ್ಮೆ ಸಾರು ಬಡಿಸುತ್ತ ಕೇಳಿದರು, “ಏ ಬಾಯ, ನೀವು ಮಗು ಬಗ್ಗೆ ಮಾತಾಡೂದಾ, ಬಂದೂಕಿನ ಬಗ್ಗೆಯಾ?” ಭಾರ, ಉದ್ದ, ಉಸಿರು ಎಂದೆಲ್ಲ ಕೇಳಿ ಅವರಿಗೆ ಆಸೆ ಹುಟ್ಟಿತ್ತು, ಪಾಪ.

ಈಗ ನನ್ನ ಕಣ್ಣಿನ ವಿಷಯ. ನಾನು ಬರೆಯುವುದು, ಉಣ್ಣುವುದು ಬಲಗೈಯಲ್ಲಿ. ಆದರೆ ನನ್ನ ಮುಖ್ಯ ಕಣ್ಣು ಎಡದ್ದು. ನಂಬಿಕೆ ಬಾರದಿದ್ದರೆ ನೀವೂ ನೋಡಿಕೊಳ್ಳಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ದೋಣಿಯೊಂದನ್ನು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ದೋಣಿ ಕಿಂಡಿಯಲ್ಲೇ ನಿಲ್ಲುತ್ತದೋ ಅದು ಮುಖ್ಯ ಕಣ್ಣು. ಅಂಗಡಿಗೆ ಬರುವವರಿಗೆ ನಾನು ದಿನಾ ಮಾಡಿಸುವ ಪರೀಕ್ಷೆ ಇದು. ಎಡಗಣ್ಣಿನವಳು ರೈಫಲ್ಲನ್ನು ಎಡ ಹೆಗಲಿಗೆ ಕೊಟ್ಟರೆ ಗುರಿ ತಾನಾಗಿ ಬರುತ್ತದೆ. ಆದರೆ ನಿಮ್ಮ ಮೊದಲೆರಡು ರೈಫಲ್ಲುಗಳ ಮರ ಬಲಗೆನ್ನೆಗೆಂದೇ ಉಬ್ಬಿಸಿದ್ದು. ಅವುಗಳ ಮೇಲೆ ಎಡಗೆನ್ನೆ ಇಟ್ಟರೆ ಬಾಗಿಲ ಚೌಕಟ್ಟಿಗೆ ಮುಖ ಒತ್ತಿದಂತಾಗುತ್ತದೆ. ನಿತಿನನಿಗೆ ಅವೆರಡರಲ್ಲಿ ಒಂದು ಒಗ್ಗಿತು. ಅದರ ಮೇಲೆ ಅವನು ಕೆನ್ನೆ ಇಟ್ಟು ಕಣ್ಣು ಕಿರಿದು ಮಾಡಿ ಉಸಿರು ಬಿಡುವಾಗ ಮುಖದಲ್ಲಿ ಎಂಥ ಶಾಂತಿ ಬರುತ್ತದೆ ಗೊತ್ತೇ? ನನ್ನ ಹೆಗಲ ಮೇಲೆ ಅದೇ ಕೆನ್ನೆ ಇಟ್ಟಾಗ ಅವನು ಎರಡೇ ನಿಮಿಷಕ್ಕೆ ಗೊರಕೆ ಹೊಡೆಯುತ್ತಾನೆ. ಆ ಮರದ ತುಂಡಿನ ಮೇಲೆ ನನಗೆ ಮೊದಲ ಸಲ ಹೊಟ್ಟೆ ಉರಿದದ್ದು ಅಂದು.

ಮೂರನೆಯ ರೈಫಲ್ ಬಂದಾಗ ಆ ಉರಿ ತಣ್ಣಗಾಯಿತು. ಎರಡೂ ಕೆನ್ನೆಗೆ ಒಗ್ಗುವ, ಹಿಡಿಯನ್ನು ಉದ್ದ ಗಿಡ್ಡ ಮಾಡಬಹುದಾದ ರೈಫಲ್ ಅದು. ನೀವೇ ಅದನ್ನು ಶನಿವಾರ, ಪೆಲೆಟ್ ಇಲ್ಲದೆ, ಹಿಡಿದು ಅಭ್ಯಾಸ ಮಾಡಲೆಂದು ಮನೆಗೆ ಕೊಟ್ಟಿರಿ. ಸೋಮವಾರ ಅಂಕಣದಲ್ಲಿ ಹೊಡೆದು ನೋಡಿದರೆ ನನ್ನ ಸರದಿ ಪೂರ್ತಿಯಾಗುತ್ತಿತ್ತು. ಮನೆಯ ನಿಲುವುಗನ್ನಡಿಯ ಮುಂದೆ ಅದನ್ನು ಎಡ ಹೆಗಲಿಗೆ ಏರಿಸಿದೆ. ಏನನ್ನೂ ಸರಿಪಡಿಸಬೇಕಾಗಲಿಲ್ಲ. ಕೆನ್ನೆ ಇಟ್ಟಲ್ಲೇ ಕಣ್ಣು ಬಂತು. ಎಷ್ಟು ಹೊತ್ತು ಹಾಗೇ ನಿಂತೆನೋ. ನಿತಿನ ಬಾಗಿಲಲ್ಲಿ ನಿಂತು ನೋಡಿ ಹೇಳಿದ, “ನೀ ನನ್ನ ಒಂದಿನಾನೂ ಹೀಂಗೆ ನೋಡ್ಲಿಲ್ಲ ಮಾರಾಯ್ತಿ.” ಅವನ ದನಿಯಲ್ಲಿ ಸ್ವಲ್ಪ ಕಿಚ್ಚಿತ್ತು. ನನಗೆ ಎಷ್ಟು ಸಂತೋಷವಾಯಿತೆಂದು ಈ ಪತ್ರದಲ್ಲಿ ಬರೆಯುವುದು ಸರಿಯಲ್ಲ.

ಮುಂದೆ ನಡೆದದ್ದನ್ನು ಗಮನವಿಟ್ಟು ಓದಬೇಕು, ಏಕೆಂದರೆ ನಿಮ್ಮ ಫಲಕದಲ್ಲಿ ಬೇರೆ ಕತೆ ಇದೆ. ನನ್ನ ಮಾವ ಕುಪ್ಪ ಆಯುಷ್ಯವೆಲ್ಲ ಕಡಲ ಮೇಲೆ ಕಳೆದವರು. ಕಬ್ಬಿಣ ಎಂಬುದು ಕಣ್ಣಿಗೆ ಬಿದ್ದರೆ ಅವರ ಕೈ ಎಣ್ಣೆ ಡಬ್ಬಿಗೆ ಹೋಗುತ್ತದೆ. ಲಂಗರಿನ ಸರಪಳಿ, ಬಾಗಿಲ ಚಿಲಕ, ಸೈಕಲ್, ಬಾವಿಯ ಗಾಲಿ, ನಾನು ತವರಿನಿಂದ ತಂದ ಟ್ರಂಕಿನ ಕೀಲು, ಯಾವುದನ್ನೂ ಬಿಟ್ಟಿಲ್ಲ. ನಮ್ಮ ಮನೆಯಿಂದ ಕಾಳಿ ನದಿ ಕಡಲಿಗೆ ಸೇರುವ ಜಾಗಕ್ಕೆ ಕೂಗಳತೆ. ಎಣ್ಣೆ ಕಾಣದ ಕಬ್ಬಿಣ ಅಲ್ಲಿ ಒಂದು ಮಳೆಗಾಲ ದಾಟುವುದಿಲ್ಲ. ಭಾನುವಾರ ನಾವು ತವರಿಗೆ ಹೋಗಿದ್ದಾಗ ಅವರು ರೈಫಲ್ ನೋಡಿದರು. ಸಿಲಿಂಡರಿನ ತುದಿಯಲ್ಲಿ ಗಾಳಿ ತುಂಬುವ ತೂತು ಬರಿದಾಗಿ ಹೊಳೆಯುತ್ತಿತ್ತು. ಸೊಸೆಯ ಹೊಸ ಸಾಮಾನು ತುಕ್ಕು ಹಿಡಿಯಬಾರದೆಂದು, ಪ್ರೀತಿಯಿಂದ, ಧಾರಾಳವಾಗಿ, ದೋಣಿಯ ಇಂಜಿನ್ನಿನ ಎಣ್ಣೆ ಸವರಿದರು. ನಮಗೆ ಹೇಳಲಿಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳ ಹಾಕಿದ್ದನ್ನು ಯಾರಾದರೂ ಹೇಳುತ್ತಾರೆಯೇ?

ಸೋಮವಾರ ಗಾಳಿ ತುಂಬುವ ಮುಂಚೆ ನಿಮ್ಮ ಸಿಬ್ಬಂದಿ ಮಂಗೇಶ ಅದನ್ನು ಕಂಡರು. ಒಳ್ಳೆಯದೇ ಆಯಿತು. ಅಷ್ಟು ಒತ್ತಡದ ಗಾಳಿ ಎಣ್ಣೆಗೆ ತಾಗಿದರೆ ಬೆಂಕಿ ಹತ್ತಬಹುದಂತೆ. ಅಪಾಯದ ಮಾತನ್ನು ನಾನು ಹಗುರ ಮಾಡುತ್ತಿಲ್ಲ. ಬಿಚ್ಚಿ ಒರೆಸಿ ಪರೀಕ್ಷೆ ಮಾಡಿದಿರಿ, ಮಾಡಲೇಬೇಕಿತ್ತು. ಆದರೆ ಒಂದು ಪ್ರಶ್ನೆ. ಕಡಲ ದಂಡೆಯಲ್ಲಿ ಕೇಂದ್ರ ಕಟ್ಟಿಕೊಂಡು, ಮನೆಮನೆಯಲ್ಲೂ ಎಣ್ಣೆ ಡಬ್ಬಿ ಇರುವ ಊರಿನ ಜನರ ಕೈಗೆ ರೈಫಲ್ ಕೊಡುವಾಗ, ಎಣ್ಣೆ ಹಚ್ಚಬೇಡಿ ಎಂಬ ಒಂದು ಮಾತನ್ನು ಯಾರೂ ಏಕೆ ಹೇಳಲಿಲ್ಲ? ಚಪ್ಪಲಿ ಹೊರಗಿಡಿ ಎಂದು ಬರೆದಿದ್ದೀರಿ. ಗೋಡೆಗೆ ಒರಗಬೇಡಿ ಎಂದು ಬರೆದಿದ್ದೀರಿ. ಗೋಡೆಯ ಸುಣ್ಣದ ಮೇಲಿರುವ ಕಾಳಜಿ ನಮ್ಮ ಕೈಬೆರಳುಗಳ ಮೇಲೆ ಇರಬಾರದಿತ್ತೇ?

ನೀವು ಯಾರನ್ನೂ ಏನನ್ನೂ ಕೇಳಲಿಲ್ಲ. “ಶ್ರೀಮತಿಯವರ ಅಜಾಗರೂಕತೆಯಿಂದ” ಎಂದು ಫಲಕಕ್ಕೆ ಬರೆದು ಹಾಕಿದಿರಿ. ನನ್ನ ಸರದಿ ಖಾಲಿ ಹೋಗಬಾರದೆಂದು, ಒಂದೇ ಕುಟುಂಬವಲ್ಲವೇ ಎಂದು, ಅದನ್ನು ನಿತಿನನಿಗೆ ದಯಪಾಲಿಸಿದಿರಿ. ದಂಪತಿಗೆ ಒಂದು ರೈಫಲ್ ಸಾಕು, ಹಂಚಿಕೊಳ್ಳಬಹುದು ಎಂಬ ಉಪದೇಶವನ್ನೂ ಕೊಟ್ಟಿರಿ. ಮಾನ್ಯರೇ, ನಮ್ಮ ಅಂಗಡಿಗೆ ಗಂಡ ಹೆಂಡತಿ ಜೊತೆಯಾಗಿ ಬಂದರೆ ನಾನು ಒಂದೇ ಕನ್ನಡಕ ಕೊಟ್ಟು, ಬೆಳಿಗ್ಗೆ ಅವರು ಹಾಕಿಕೊಳ್ಳಲಿ, ಸಂಜೆ ನೀವು ಎಂದು ಕಳಿಸಲೇ? ನೀವೂ ನಿಮ್ಮ ಮನೆಯವರೂ ಒಂದೇ ಜೋಡಿ ಚಪ್ಪಲಿಯಲ್ಲಿ ಪೇಟೆಗೆ ಹೋಗುತ್ತೀರೇ? ನನ್ನ ಅತ್ತೆ ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಾರೆ. ನಿಮ್ಮ ಉಪದೇಶ ಕೇಳಿ ಅವರೆಂದರು, “ಹಂಗಾರೆ ನಾಳೆಯಿಂದ ಮೀನು ಮಾರುಕೆ ನಿನ್ನ ಮಾವನ್ನೇ ಕಳಿಸ್ವಾ. ಒಂದೇ ಕುಟುಂಬ ಅಲ್ದ? ಸಂಜಿಗೆ ಬುಟ್ಟಿ ತುಂಬಾ ಮೀನು ಹಾಂಗೇ ವಾಪಸ್ ಬರ್ತದೆ.”

ನಿತಿನ ಆ ಸರದಿ ಬೇಡವೆನ್ನುತ್ತಾನೆ ಎಂದು ನಾನು ನಂಬಿದ್ದೆ. ಅವನು ನನ್ನ ಮುಖ ನೋಡಿದ, ತನಗೆ ಒಗ್ಗಿದ ಆ ರೈಫಲ್ ನೋಡಿದ, ಇನ್ನೊಮ್ಮೆ ನನ್ನ ಮುಖ ನೋಡಿದ. ಆಮೇಲೆ ಹೋಗಿ ಹೊಡೆದ. ನಾನು ಬೆಂಚಿನಲ್ಲಿ ಕೂತು ನನ್ನ ಸರದಿಯನ್ನು ಅವನು ಪೆಲೆಟ್ಟಿನ ಮೇಲೆ ಪೆಲೆಟ್ ಹಾಕಿ ಮುಗಿಸುವುದನ್ನು ನೋಡಿದೆ. ಎದುರಿಗೆ ಕಪಾಟಿನ ಗಾಜಿನಲ್ಲಿ ನನ್ನ ರೈಫಲ್, ಅದರ ಮೇಲೆ ನನ್ನದೇ ಮುಖದ ಛಾಯೆ. ಅವನು ಅಂದು ಎಂದಿಗಿಂತ ಚೆನ್ನಾಗಿ ಹೊಡೆದ. ಸ್ಕೂಟರಿನಲ್ಲಿ ಕಾಳಿ ಸೇತುವೆ ದಾಟಿ ಬಂದೆವು. ಮನೆಯ ಅಂಗಳಕ್ಕೆ ಬಂದ ಮೇಲೆ ಮೆಲ್ಲಗೆ ಕೇಳಿದ, “ಹೆಂಗಿತ್ತು ಹೇಳಿ ಹೇಳ್ಲಾ, ಬೇಡ್ವಾ?” ಹೇಳು ಎಂದೆ. ಆ ಕುದುರೆ ಎಷ್ಟು ಹಗುರಕ್ಕೆ ಬಿಡುತ್ತದೆ, ಉಸಿರು ಎಲ್ಲಿ ನಿಲ್ಲಿಸಿದ, ಗುರಿಹಾಳೆಯ ನಟ್ಟನಡುವಿನ ಹತ್ತರ ವೃತ್ತ ಹೇಗೆ ಹರಿದು ಹೋಯಿತು, ಎಲ್ಲ ಹೇಳಿದ. ಒಂದೊಂದು ಮಾತಿಗೂ ನನ್ನ ಕಿಚ್ಚು ಏರುತ್ತಲೇ ಹೋಯಿತು. ಆದರೂ ಇನ್ನೂ ಹೇಳು ಎಂದೆ. ಅಂದು ನನಗೆ ತಿಳಿಯಿತು, ನನ್ನ ಕಿಚ್ಚು ಅವನು ತಬ್ಬಿಕೊಂಡ ರೈಫಲ್ಲಿನ ಮೇಲಲ್ಲ. ಅವನ ಮುಖದ ಮೇಲಿದ್ದ ಆ ಶಾಂತಿಯ ಮೇಲೆ. ಅಂಥದೊಂದು ನನಗೂ ಬೇಕು. ಅವನದರಲ್ಲಿ ಪಾಲಲ್ಲ, ನನ್ನದೇ ಬೇಕು.

ಎಣ್ಣೆಯ ಸುದ್ದಿ ಮನೆಗೆ ಮುಟ್ಟಿದಾಗ ಮಾವ ಊಟ ಬಿಟ್ಟು ಎದ್ದರು. “ನಾನೇ ಸವರಿದ್ದು ಬಾಯ. ಹೊಸ ಸಾಮಾನು, ಹಾಂಗೇ ಬಿಡುಕೆ ಆಗ್ತದ ಹೇಳಿ...” ಎಂದರು. ಮಾರನೇ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಮದುವೆಗೆ ಹೊಲಿಸಿದ ಅಂಗಿ ತೊಟ್ಟು, ದೊಡ್ಡದೊಂದು ಇಸೋಣ ಮೀನು ಹಿಡಿದು ನಿಮ್ಮ ಕಚೇರಿಗೆ ಬಂದರು. ಲಂಚ ಎಂದು ತಿಳಿಯಬೇಡಿ. ನಮ್ಮ ಕಡೆ ಬರಿಗೈಯಲ್ಲಿ ತಪ್ಪೊಪ್ಪಿಕೊಳ್ಳುವುದಿಲ್ಲ, ಅಷ್ಟೇ. ಎಣ್ಣೆ ಹಚ್ಚಿದ್ದು ನಾನು, ಸೊಸೆಯಲ್ಲ, ಅವಳ ಸರದಿ ಅವಳಿಗೆ ಕೊಡಿ ಎಂದು ಕೈಮುಗಿದು ಹೇಳಿದರು. ನೀವು ನಕ್ಕಿರಿ. “ಸೊಸೆಯನ್ನು ಉಳಿಸಲು ಹೀಗೆ ಹೇಳುತ್ತಿದ್ದೀರಿ, ಪಾಪ. ನನಗೆ ಅರ್ಥವಾಗುತ್ತದೆ” ಎಂದಿರಿ. ಮೀನು ಸ್ವೀಕೃತವಾಯಿತು. ಸತ್ಯ ಸ್ವೀಕೃತವಾಗಲಿಲ್ಲ.

ಬದುಕಿನಲ್ಲಿ ಒಂದು ಸುಳ್ಳನ್ನೂ ಚೆನ್ನಾಗಿ ಹೇಳಲು ಬಾರದ ಮನುಷ್ಯ ನನ್ನ ಮಾವ. ಅತ್ತೆ ಮಾಡಿದ ಸಾರು ಚೆನ್ನಾಗಿಲ್ಲದಿದ್ದರೆ ಅವರ ಹುಬ್ಬೇ ಹೇಳಿಬಿಡುತ್ತದೆ. ಅಂಥವರು ಸ್ವಂತ ಬಾಯಿಂದ ಹೇಳಿದ್ದು ಸುಳ್ಳು, ಮನೆಯಲ್ಲೇ ಇರದ ನಾನು ಮಾಡಿದ್ದು ನಿಜ ಎಂದು ನಿಮಗೆ ಹೊಳೆದದ್ದು ಹೇಗೆ? ಸೊಸೆ, ಹೊಸಬಳು, ಹೆಂಗಸು, ಯಂತ್ರ ಎಂಬ ನಾಲ್ಕು ಪದಗಳನ್ನು ಜೋಡಿಸಿದರೆ ತಪ್ಪು ತಾನಾಗಿ ಸಿಕ್ಕಿಬಿಡುತ್ತದೆ ಅಲ್ಲವೇ? ಇಷ್ಟು ಸುಲಭವಾಗಿ ಗುರಿ ಮುಟ್ಟುವವರನ್ನು ನಾನು ಅಂಕಣದಲ್ಲೂ ಕಂಡಿಲ್ಲ. ಕಣ್ಣು ತೆರೆಯುವ ಕಷ್ಟವೂ ಇಲ್ಲ.

ಈ ತಿಂಗಳ ಕೊನೆಗೆ ರೈಫಲ್ ಹೊಡೆದು ನೋಡುವ ಪರೀಕ್ಷೆಯ ಅವಧಿ ಮುಗಿಯುತ್ತದೆ. ಮತ್ತೆ ಶುರುವಾಗುವುದು ಮುಂದಿನ ವರ್ಷ. ನಿತಿನ ತನ್ನ ರೈಫಲ್ ತರಿಸಿಕೊಂಡು ಮಳೆಗಾಲವಿಡೀ ಹೊಡೆಯುತ್ತಾನೆ. ನಾನು ಅದೇ ಬೆಂಚಿನಲ್ಲಿ ಅವನ ನೀರಿನ ಬಾಟಲಿ ಹಿಡಿದು ಕೂರುತ್ತೇನೆ. ಅವನನ್ನು ಇಷ್ಟು ಪ್ರೀತಿಸುವವಳು ಒಂದು ವರ್ಷ ಪೂರ್ತಿ ಅವನ ಮೇಲೆ ಹೊಟ್ಟೆಕಿಚ್ಚು ಪಡುತ್ತ ಕಳೆಯಬೇಕೇ? ಹೊಸ ಸಂಸಾರಕ್ಕೆ ನಿಮ್ಮ ಕೇಂದ್ರದ ಉಡುಗೊರೆ ಇದೇನಾ?

ನನ್ನ ಬೇಡಿಕೆ ದೊಡ್ಡದಲ್ಲ. ಫಲಕದಿಂದ ಆ ಹಾಳೆ ತೆಗೆಯಿರಿ. ಅದೇ ಜಾಗದಲ್ಲಿ ಗಾಳಿ ತುಂಬುವ ತೂತಿಗೆ ಎಣ್ಣೆ ಹಚ್ಚಬೇಡಿ ಎಂದು ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆಸಿ. ತಿಂಗಳು ಮುಗಿಯುವ ಮುಂಚೆ ನನ್ನ ಸರದಿಯನ್ನು, ನನ್ನ ಹೆಸರಿನಲ್ಲಿ, ಆ ಮೂರನೆಯ ರೈಫಲ್ಲಿನೊಂದಿಗೆ ನನಗೆ ವಾಪಸ್ ಕೊಡಿ. ಗಂಡನನ್ನು ಬೆಂಚಿಗೆ ನಾನೇ ಕರೆತಂದು ಕೂರಿಸುತ್ತೇನೆ. ಅವನಿಗೂ ಸ್ವಲ್ಪ ಉರಿಯಲಿ.

ಕಪಾಟಿನ ಬೀಗ ಅಂದಿನಿಂದ ತೆಗೆದಿಲ್ಲವೆಂದು ಕೇಳಿದೆ. ಉಪ್ಪುಗಾಳಿಗೆ ಹಿಡಿದುಕೊಂಡಿರಬಹುದು. ತೆಗೆಯಲು ಕಷ್ಟವಾದರೆ ಒಂದು ಮಾತು ಹೇಳಿ ಕಳಿಸಿ. ಮಾವ ಎಣ್ಣೆ ಡಬ್ಬಿ ತೆಗೆದುಕೊಂಡು ಬರುತ್ತಾರೆ. ಈ ಸಲ ಹಚ್ಚಬೇಕಾದ ಜಾಗಕ್ಕೇ ಹಚ್ಚುತ್ತಾರೆ.

ಇಂತಿ,
ನಿಮ್ಮ ಹಿಂದಿನ ಬೆಂಚಿನ ಕಾಯಂ ಸದಸ್ಯೆ,
ಮಾಡದ ತಪ್ಪಿಗೆ ಒಂದು ಇಸೋಣ ತೆತ್ತ ಮನೆಯ ಸೊಸೆ,
ವಿನುತಾ, ಸದಾಶಿವಗಡ