ಆರನೆಯ ದನಿ

ಗ್ಲೆನ್ ಉವಾರ್,
9 ಸೆಪ್ಟೆಂಬರ್ 1958

ಪ್ರೀತಿಯ ಎಫೀ,

ನಿನ್ನ ಸೋದರಮಾವ ಟಾರ್ಕಿಲ್ ಮಾಡುವ ಆಶೀರ್ವಾದ. ಗಾಬರಿಯಾಗಬೇಡ, ನಿನ್ನ ಫಾರ್ಕರ್ ಬದುಕಿದ್ದಾನೆ. ಕಾಲಿನ ಹರಡು ಮುರಿದಿದೆ, ಅಷ್ಟೆ. ನನ್ನ ಮಂಚ ಹಿಡಿದು ಮಲಗಿ ಓಟ್ಸ್ ಗಂಜಿಗೆ ಉಪ್ಪಿನ ಬದಲು ಸಕ್ಕರೆ ಕೇಳುತ್ತಾನೆ, ನಾಚಿಕೆಗೆಟ್ಟವನು! ಬರುವ ತಿಂಗಳ ನಿಮ್ಮ ಮದುವೆಗೆ ಕುಂಟಿಕೊಂಡಾದರೂ ಬರುತ್ತಾನೆ.

ಶನಿವಾರ ಅವನನ್ನೂ ಅವನ ನಾಲ್ವರು ಗೆಳೆಯರನ್ನೂ ಬೆನ್ ಉವಾರ್ ಶಿಖರಕ್ಕೆ ಕರೆದೊಯ್ದೆ. ನನಗದು ನಾನೂರನೆಯ ಸಲ. ಈ ಸೀಮೆಯ ಜಿಂಕೆಗಳೂ ದಾರಿ ತಪ್ಪಿದರೆ ನನ್ನನ್ನೇ ಕೇಳುತ್ತವೆ. ಮೇಲೆ ಒಳ್ಳೆ ಬಿಸಿಲು. ಇಳಿಜಾರಿನ ತುಂಬ ನೇರಳೆ ಹೀದರ್ ಹೂ, ಪಶ್ಚಿಮಕ್ಕೆ ದ್ವೀಪಗಳವರೆಗೂ ಕಣ್ಣು ಹೋಗುತ್ತಿತ್ತು. “ಟಾರ್ಕಿಲ್ ಮಾವಾ, ಇಲ್ಲೇ ಮನೆ ಕಟ್ಟಿಬಿಡ್ತೀನಿ” ಅಂದ ಫಾರ್ಕರ್. “ಮೊದ್ಲು ನಮ್ ಹುಡುಗೀನ ಕೇಳಪ್ಪಾ” ಅಂದೆ.

ಇಳಿಯುವಾಗ ಮಂಜು ಮುಚ್ಚಿತು. ಮಂಜಿನಲ್ಲಿ ನಮ್ಮ ಪದ್ಧತಿ ಗೊತ್ತಲ್ಲ: ಮುಂದಿನವನು ‘ಒಂದು’ ಎಂದು ಕೂಗಬೇಕು, ಹಿಂದಿನವರು ಒಬ್ಬೊಬ್ಬರಾಗಿ ಎಣಿಕೆ ಮುಂದುವರಿಸಬೇಕು. ಫಾರ್ಕರ್ ಎಲ್ಲರಿಗಿಂತ ಹಿಂದೆ. ನೂರು ಹೆಜ್ಜೆಗೊಮ್ಮೆ ಕೂಗಿದೆ. ಪ್ರತಿಸಲವೂ “ಆರು!” ಎಂದು ಅವನದೇ ದನಿ. ಒಮ್ಮೆಯಂತೂ “ಆರು ಮಾವಾ, ಇನ್ನೂ ಸತ್ತಿಲ್ಲ!” ಅಂತ ತಮಾಷೆ ಬೇರೆ.

ಕುರಿದೊಡ್ಡಿಯ ಗೇಟಿನ ಬಳಿ ನಿಂತು ಕೊನೆಯ ಸಲ ಕೂಗಿದೆ. ಆರೂ ದನಿ ಬಂದವು. ಮಂಜಿನಿಂದ ಹೊರಬಿದ್ದವರು ನನ್ನನ್ನೂ ಸೇರಿಸಿ ಐದೇ ಜನ.

ಬಿದ್ದಂಬೀಳ ಮತ್ತೆ ಹತ್ತಿದೆವು. ಶಿಖರದ ಹಿಂಬದಿಯಲ್ಲಿ, ಪ್ರಪಾತದಂಚಿಗೆ ನಾಲ್ಕು ಮಾರು ಈಚೆ, ಬಂಡೆಗಳ ಸಂದಿಗೆ ಕಾಲು ಸಿಕ್ಕಿಕೊಂಡು ಕೂತಿದ್ದ. “ಈ ಕಡೆಗ್ಯಾಕೋ ಬಂದೆ, ಮಂಗಾ?” ಎಂದು ಬೈದೆ. ನನ್ನ ಮುಖ ನೋಡಿ ಬಿಳಿಚಿಕೊಂಡ. “ನೀವೇ ಅಲ್ವಾ ಮಾವಾ ಮುಂದೆ ಹೋಗ್ತಾ ‘ಒಂದು, ಒಂದು’ ಅಂತ ಕರೀತಿದ್ದಿದ್ದು? ನಾನು ‘ಆರು’ ಅಂತ ಹಿಂದೇನೇ ಬಂದೆ” ಅಂದ. ಬೆರಳು ಪ್ರಪಾತದ ಕಡೆ ತೋರಿಸುತ್ತಿತ್ತು.

ಊರಲ್ಲಿ ನಾನು ಹೇಳಿದ್ದೇ ಬೇರೆ: ಹುಡುಗ ಜಾರಿಬಿದ್ದ, ನಾನೊಬ್ಬನೇ ಹೆಗಲ ಮೇಲೆ ಹೊತ್ತು ತಂದೆ ಅಂತ. ಹೊತ್ತದ್ದು ಅರ್ಧ ದಾರಿ ಮಾತ್ರ. ನಿನ್ನೆದುರು ಸುಳ್ಳು ಬೇಡ. ತಲೆ ಮುಟ್ಟಿ ಎಣಿಸಬೇಕಿತ್ತು, ದನಿ ನಂಬಿ ಕೆಟ್ಟೆ.

ಭಾನುವಾರ ಬಿಡುವು ಮಾಡಿಕೊಂಡು ಬಂದು ಅವನನ್ನು ಕರೆದುಕೊಂಡು ಹೋಗು.

ನಿನ್ನ ಮಾವ,
ಟಾರ್ಕಿಲ್

ಕಾಗದ ಮಡಿಸುವ ಮುಂಚೆ: ಭಾನುವಾರದವರೆಗೆ ಕಾಯಬೇಡ, ಇದು ಕೈಸೇರಿದ ಕೂಡಲೇ ಹೊರಡು. ಈಗ ಮಟಮಟ ಮಧ್ಯಾಹ್ನ. ಬೆಟ್ಟದ ಕಡೆಯಿಂದ ನಾನು ಕರೆದೆನಂತೆ, ಫಾರ್ಕರ್ ಮಂಚದಿಂದ ಇಳಿಯಲು ನೋಡುತ್ತಿದ್ದಾನೆ. ನಾನೋ ಅವನ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಬರೆಯುತ್ತ ಕೂತಿದ್ದೇನೆ. “ಯಾರೋ ಕುರಿ ಕಾಯೋನು ಕಣೋ” ಎಂದು ಸಮಾಧಾನ ಹೇಳಿದೆ. ಎಫೀ, ನನ್ನ ದನಿ ನನಗೆ ತಿಳಿಯದೇ? ಅವನ ಬೂಟುಗಳನ್ನು ಒಲೆಗೆ ಹಾಕಿದ್ದೇನೆ. ಬರುವಾಗ ಹೊಸ ಜೋಡಿ ತಾ.