ಗಿರಣಿ ತೊಲಿಗೆ ತೊಟ್ಟಿಲು

೧೪ ಡಿಸೆಂಬರ್ ೨೦೦೩, ರವಿವಾರ

ಕಾಲು ಸೋತಾವ, ನಗು ಮಾತ್ರ ನಿಲ್ಲವಲ್ದು. ಕೂಸಿಗೆ ಸ್ನೇಹಲ್ ಅಂತ ಹೆಸರಾತು, ಅದೂ ನಮ್ಮ ಮನ್ಯಾಗ!

ಮುಂಢವಾ ಬಡಾವಣಿಯ ಈ ಹಳೇ ನೂಲಿನ ಗಿರಣಿಯೊಳಗ ಫ್ಲ್ಯಾಟ್ ತಗೊಂಡಾಗಿಂದ ಅತ್ತಿ ಇತ್ತ ಕಾಲಿಟ್ಟಿರಲಿಲ್ಲ. "ಕಾರಖಾನ್ಯಾಗ ಯಾರರ ಸಂಸಾರ ಮಾಡ್ತಾರೇನ? ಕಾರ್ಯ ನಿಗಡ್ಯಾಗ ನಿನ್ನ ಮೈದುನನ ಮನ್ಯಾಗ ಆಗಲಿ" ಅಂತ ಹಟ ಹಿಡಿದಿದ್ರು. ಇವರು ತಾಯಿಗೆ ಹೂಂ ಅಂದುಬಿಟ್ರು. ಕಡೀಕ ನಾನ ಫೋನ್ ಮಾಡಿ, "ನನ್ನ ಮಗಳ ತೊಟ್ಟಿಲಾ ನನ್ನ ಮನ್ಯಾಗನ ಕಟ್ಟೂದು, ನೀವ ಬರ್ರಿ" ಅಂದೆ.

ಬಂದ್ರು, ಮಾರಿ ಗಂಟು ಹಾಕ್ಕೊಂಡು. ಬಾಗಿಲದಾಗ ನಿಂತು ಮ್ಯಾಲ ನೋಡಿದ್ರು. ನೂಲಿನ ಮೂಟಿ ಎತ್ತತಿದ್ದ ಕಬ್ಬಿಣದ ತೊಲಿಗೆ ತೊಟ್ಟಿಲಾ ಕಟ್ಟಿಸಿದ್ದೆ. ಖಾಲಿ ತೊಟ್ಟಿಲಾ ಒಮ್ಮೆ ತೂಗಿದ್ರು. ಅದು ದೊಡ್ಡ ಕಿಟಕಿಯ ಬಿಸಲಿನಾಗ ತೇಲಿಹೋಗಿ ತೇಲಿಬಂತು.

"ಅಬ್ಬಾ! ನಿಗಡ್ಯಾಗ ಹಿಂಗ ತೂಗಲಿಕ್ಕೆ ಜಾಗಾ ಎಲ್ಲಿ ಅದ?"

ಆಮ್ಯಾಲೆ ಅವರು ಹಾಡಿದ ಜೋಗುಳ ಛತ್ತಿನ ತನಕ ಏರಿತು. ಬಾಜೂಮನಿ ಮಂದಿ ಬಾಗಿಲಕ್ಕ ಬಂದು ನಿಂತರು. ಅವರೆಲ್ಲರ ಮುಂದ ಅತ್ತಿ ತಮ್ಮ ಹರಕು ಮರಾಠಿಯೊಳಗ, "ಇದು ನನ್ನ ಸೊಸಿ ಆರಿಸಿದ ಮನಿ" ಅಂದ್ರು!

ಈಗ ಅಟ್ಟದ ಮ್ಯಾಲ ನಮ್ಮ ಹಾಸಿಗ್ಯಾಗ ಅವರ ಗೊರಕಿ ನಡದದ. ಹೋಗೋ ಮಾತ ಆಡಿಲ್ಲ. ನಾವಿಬ್ಬರು ಕೆಳಗ ಚಾಪಿ ಮ್ಯಾಲ... ಸ್ನೇಹಲ್ ಎದ್ದಳು.